ಮೆಟ್ಟಿಲ ಕೆಳಗಿನ ವಾಸನೆ

ಹರಿಹರದಲ್ಲಿ ಮದುವೆ ಮುಗಿಸಿ ಶಿವಮೊಗ್ಗಕ್ಕೆ ವಾಪಸಾದ ರಾತ್ರಿ ಮಗಳ ಓಲೆಯ ತಿರುಪು ಕಾರಿನಲ್ಲೆಲ್ಲೋ ಬಿದ್ದುಹೋಗಿತ್ತು. ಒಳಗಿನ ದೀಪ ಹಾಕಿ ಹುಡುಕಿದೆವು. ತಿರುಪು ಸಿಕ್ಕಿತು, ಆ ಖುಷಿಯಲ್ಲಿ ದೀಪ ಆರಿಸುವುದು ಮರೆತೇಹೋಯಿತು. ಮೇಲೆ ಕವರ್ ಬೇರೆ ಹೊದಿಸಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಮೂರು ದಿನ ಬಿಟ್ಟು ಕೀ ತಿರುಗಿಸಿದರೆ ಗಾಡಿ ಟಿಕ್ ಅಂತಲೂ ಅನ್ನಲಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ಆ ಬಲ್ಬು 5 ವ್ಯಾಟಿನದು. 12 ವೋಲ್ಟಿನಲ್ಲಿ ಸುಮಾರು 0.4 ಆಂಪಿಯರ್ ಎಳೆಯುತ್ತದೆ, ದಿನಕ್ಕೆ 10 ಆಂಪಿಯರ್-ಅವರ್. ನನ್ನ ಪುಟ್ಟ ಕಾರಿನ ಬ್ಯಾಟರಿ ಇರುವುದೇ 35. ಇನ್ನೇನು ಉಳಿದೀತು?

ಭಾನುವಾರ. ಬ್ಯಾಟರಿ ಅಂಗಡಿಗೆ ಬಾಗಿಲು. ಆಗ ನನ್ನ ತಲೆಗೊಂದು ಉಪಾಯ ಹೊಳೆಯಿತು. ಮನೆಯಲ್ಲಿ ಇನ್ವರ್ಟರ್ ಇದೆ, ಅದರದೂ 12 ವೋಲ್ಟೇ, ಅದರ ಬ್ಯಾಟರಿ ಬಿಚ್ಚಿ ಕಾರಿನದನ್ನು ಜೋಡಿಸಿದರೆ ಆಯಿತಲ್ಲ! ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಆ ಧೈರ್ಯವೇ ನನ್ನನ್ನು ಕೆಡಿಸಿದ್ದು.

ನಮ್ಮ ಇನ್ವರ್ಟರ್ ಇದ್ದದ್ದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ದೇವರ ಕೋಣೆಗೆ ಒತ್ತಿಕೊಂಡಂತೆ. ಬೆಳಿಗ್ಗೆ ಜೋಡಿಸಿ, ಬಾಗಿಲು ಮುಂದೆ ಮಾಡಿ, ಮರೆತು ಕೂತೆ. ಸಂಜೆ ದೀಪ ಹಚ್ಚಲು ಹೋದ ಹೆಂಡತಿ ಕಡ್ಡಿ ಗೀರದೆ ಹಿಂದೆ ಬಂದಳು. “ಏನ್ರೀ ಇದು, ಕೊಳೆತ ಮೊಟ್ಟೆ ವಾಸನೆ? ನಮ್ಮನೇಲಿ ಮೊಟ್ಟೆ ಎಲ್ಲಿಂದ ಬಂತು?”

ಹೋಗಿ ಮುಟ್ಟಿದರೆ ಬ್ಯಾಟರಿ ಕೈಸುಡುವಷ್ಟು ಬಿಸಿ. ಗಾಬರಿಯಲ್ಲಿ ಗೋಡೆಯ ಸ್ವಿಚ್ ಆರಿಸಿದೆ. ಫ್ಯಾನು ನಿಲ್ಲಲೇ ಇಲ್ಲ! ಕರೆಂಟು ಹೋಯಿತೆಂದುಕೊಂಡ ಇನ್ವರ್ಟರ್ ಕಾರಿನ ಬ್ಯಾಟರಿಯಿಂದಲೇ ಮನೆ ನಡೆಸತೊಡಗಿತ್ತು. ಕ್ಲಿಪ್ ಕಿತ್ತುಬಿಡೋಣವೆಂದು ಕೈ ಹಾಕಿದವನು ಅದು ಹೇಗೋ ತಡೆದೆ. ಇನ್ವರ್ಟರಿನದೇ ಸ್ವಿಚ್ ಆರಿಸಿ, ಕಿಟಕಿ ಬಾಗಿಲೆಲ್ಲ ತೆರೆದು, ಒಂದು ಗಂಟೆ ಅಂಗಳದಲ್ಲಿ ಕೂತೆವು. ಆ ದಿನ ದೇವರಿಗೆ ದೀಪವಿಲ್ಲ.

ಚಾರ್ಜ್ ಆಗುವಾಗ ಬ್ಯಾಟರಿಯ ನೀರು ಒಡೆದು ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಕಡ್ಡಿಯ ಕಿಡಿ, ಕ್ಲಿಪ್ ಕಿತ್ತಾಗಿನ ಕಿಡಿ, ಎರಡೂ ಒಂದೇ. ಎಷ್ಟೋ ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ.

ಮರುದಿನ ಅಂಗಡಿಯ ಯಜಮಾನರು ಕೇಳಿ ನಕ್ಕರು. “ಮೇಷ್ಟ್ರೇ, ಇನ್ವರ್ಟರ್ ಬ್ಯಾಟ್ರಿ 150ರದು. ಅದಕ್ಕೆ 15 ಆಂಪಿಯರ್ ಊಟ. ಹಾಲು ಕುಡಿಯೋ ಕೂಸಿಗೆ ಮುದ್ದೆ ತಿನ್ಸಿದೀರಿ.” ಹತ್ತರಲ್ಲಿ ಒಂದು ಪಾಲು, ಅವರ ಲೆಕ್ಕ ಅಷ್ಟೇ. 35ರ ಬ್ಯಾಟರಿಗೆ ಮೂರೂವರೆ ಆಂಪಿಯರ್, ಹತ್ತು ಹನ್ನೆರಡು ಗಂಟೆ. ತಗ್ಗಿದ್ದ ಕಡೆ ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ರಾತ್ರಿಯಿಡೀ ನಿಧಾನವಾಗಿ ಚಾರ್ಜಿಗಿಟ್ಟರು. ನಲ್ಲಿ ನೀರು ಮಾತ್ರ ಬೇಡವೇ ಬೇಡ ಎಂದರು. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆದಾಗ 12.6 ವೋಲ್ಟ್ ತೋರಿಸಿತು. ತೆಗೆದ ಕೂಡಲೇ ಅಳೆದರೆ ಮುಳ್ಳು ಸುಳ್ಳು ಹೇಳುತ್ತದೆ, ಹೆಚ್ಚು ತೋರಿಸುತ್ತದೆ.

ಈಗ ತುಂಬಿದ ಮೇಲೆ ತಾನೇ ನಿಲ್ಲುವ ಸಣ್ಣ ಚಾರ್ಜರ್ ಒಂದನ್ನು ಕೊಂಡಿದ್ದೇನೆ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್. ಪಾಸಿಟಿವ್‌ಗೆ ಮೊದಲು ಕೈ ಹಾಕಿದಿರೋ, ಸ್ಪ್ಯಾನರ್ ಕಾರಿನ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಕೂರಿಸುವಾಗ ನೆಗೆಟಿವ್ ಕೊನೆಗೆ. ಚಾರ್ಜಿಗಿಡುವುದು ಹಿತ್ತಿಲ ಜಗಲಿಯಲ್ಲಿ. ಕ್ಲಿಪ್ ಎರಡೂ ಕಚ್ಚಿಸಿದ ಮೇಲೆಯೇ ಸ್ವಿಚ್, ಬಿಡಿಸುವಾಗ ಮೊದಲು ಸ್ವಿಚ್. ಕೈಬೆರಳಿನ ಉಂಗುರ ತೆಗೆದಿಡುತ್ತೇನೆ, ಕಣ್ಣಿಗೆ ಕನ್ನಡಕ ಇದ್ದೇ ಇರುತ್ತದೆ. ಊದಿಕೊಂಡ, ಬಿರುಕು ಬಿಟ್ಟ ಬ್ಯಾಟರಿಯನ್ನು ಚಾರ್ಜಿಗಿಡುವ ಮಾತೇ ಇಲ್ಲ. ಆ ಭಾನುವಾರ ಉಟ್ಟಿದ್ದ ಪಂಚೆ ಒಗೆದಾಗ ಜರಡಿಯಾಗಿ ಬಂತು, ಆಸಿಡ್ ಎಲ್ಲಿ ಸಿಡಿದಿತ್ತೋ ಗೊತ್ತೇ ಆಗಿರಲಿಲ್ಲ. ಹಾಗಾಗಿ ಪಕ್ಕದಲ್ಲೊಂದು ಬಕೆಟ್ ನೀರು, ನೆಲಕ್ಕೆ ಚೆಲ್ಲಿದರೆ ಇರಲಿ ಎಂದು ಒಂದು ಪೊಟ್ಟಣ ಅಡುಗೆ ಸೋಡಾ.

ಆ ಬ್ಯಾಟರಿ ಮಳೆಗಾಲ ದಾಟಲಿಲ್ಲ. ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಇನ್ವರ್ಟರಿನ ಸ್ವಂತ ಬ್ಯಾಟರಿಯೂ ಚಾರ್ಜ್ ಆಗುವಾಗಲೆಲ್ಲ ಅದೇ ಗಾಳಿಯನ್ನು ಬಿಡುತ್ತದಲ್ಲ! ನಾವು ವರ್ಷಗಟ್ಟಲೆ ಅದರ ಪಕ್ಕದಲ್ಲೇ ದೀಪ ಉರಿಸಿದ್ದೆವು. ಈಗ ಅದು ಹಿತ್ತಿಲ ಕಡೆ, ಗಾಳಿಯಾಡುವ ಜಾಗದಲ್ಲಿದೆ. ನಿಮ್ಮ ಮನೆಯದು ಎಲ್ಲಿದೆ, ಒಮ್ಮೆ ಎದ್ದು ಹೋಗಿ ನೋಡಿ ಬನ್ನಿ.