ಇಸ್ತ್ರಿಯೂ ಉಳಿಯಲಿ, ಮಂಡಿಯೂ ಉಳಿಯಲಿ

ಬೆಳ್ತಂಗಡಿಯಿಂದ ದಿನವೂ ಬೈಕಿನಲ್ಲಿ ಬಿ.ಸಿ. ರೋಡಿನ ಬ್ಯಾಂಕಿಗೆ ಹೋಗುವ ನಿಮಗೆ ಜಾಕೆಟ್ ಹಾಕಿದರೆ ಅಂಗಿ ಬೆವರಿಗೆ ಮುದ್ದೆಯಾಗುವ ಚಿಂತೆ. ನಮ್ಮ ಸೆಕೆಗೆ ಚರ್ಮದ ಜಾಕೆಟ್ ಬೇಡವೇ ಬೇಡ, ಗಾಳಿಯಾಡುವ ಮೆಶ್ ಜಾಕೆಟ್ ಕೊಳ್ಳಿ. ಅಂಗಡಿಗೆ ಆಫೀಸಿನ ಅಂಗಿಯಲ್ಲೇ ಹೋಗಿ, ಅದರ ಮೇಲೆಯೇ ತೊಟ್ಟು, ಹ್ಯಾಂಡಲ್ ಹಿಡಿದಂತೆ ಕೈ ಚಾಚಿ. ಮೊಣಕೈಯ ಪ್ಯಾಡ್ ಪಕ್ಕಕ್ಕೆ ಜಾರಿದರೆ ಆ ಅಳತೆ ನಿಮಗೆ ದೊಡ್ಡದು. ಬಿದ್ದಾಗ ಪ್ಯಾಡ್ ಮೊಣಕೈಯನ್ನು ಕಾಯುವುದಿಲ್ಲ.

ಪ್ಯಾಂಟಿನ ಮೇಲೆ, ಸೊಂಟದಿಂದ ಪಾದದವರೆಗೆ ಜಿಪ್ ಇರುವ ಓವರ್‌ಪ್ಯಾಂಟ್ ಒಳ್ಳೆಯದು. ಶೂ ಬಿಚ್ಚದೆ ಕಳಚಬಹುದು. ದುಬಾರಿ ಎನಿಸಿದರೆ ಮಂಡಿಗೆ ನೀ ಗಾರ್ಡ್ ಆದರೂ ಕಟ್ಟಿ. ಗ್ಲೌಸ್ ಮಾತ್ರ ಬಿಡಬೇಡಿ. ಬೀಳುವಾಗ ನಾವು ಮೊದಲು ಊರುವುದು ಅಂಗೈಯನ್ನೇ. ಹೆದ್ದಾರಿ 73ರ ಅಗಲೀಕರಣ ನಡೆದ ಕಡೆಗಳಲ್ಲಿ ಜಲ್ಲಿ, ಕೆಸರು ಕಂಡವರೇ ನೀವು. ಚಕ್ರ ಜಾರಲು 30 ಕಿ.ಮೀ. ವೇಗವೂ ಸಾಕು.

ಮಳೆಗಾಲದಲ್ಲಿ ಜಾಕೆಟ್ಟಿನ ಒಳಗಿನ ಲೈನರ್ ಒಂದನ್ನೇ ನಂಬಬೇಡಿ. ಅಂಗಿ ನೆನೆಯದಿದ್ದರೂ ಹೊರಪದರ ನೀರು ಕುಡಿದು ಸಂಜೆಗೂ ಒಣಗುವುದಿಲ್ಲ. ರೈನ್‌ಕೋಟ್ ಎಲ್ಲಕ್ಕಿಂತ ಮೇಲೆ ಬರಲಿ. ಹೆಲ್ಮೆಟ್‌ಗೆ ಐಎಸ್‌ಐ ಗುರುತು ಇರಲಿ, ಗಲ್ಲದ ಪಟ್ಟಿ ಬಿಗಿಯಾಗಿರಲಿ. ಬ್ಯಾಂಕಿನಲ್ಲಿ ಜಾಕೆಟ್ ತೂಗುಹಾಕಲು ಒಂದು ಮೊಳೆ ಕೇಳಿ, ಖಂಡಿತ ಕೊಡುತ್ತಾರೆ.