ಮೇ ತಿಂಗಳ ಸ್ಪೇನ್: ಊರು ಕಡಿಮೆ, ರಾತ್ರಿ ಹೆಚ್ಚು

ಸ್ಪೇನ್ ನೋಡಬೇಕೆನ್ನುವವರು ಸಾಮಾನ್ಯವಾಗಿ ಊರುಗಳ ಪಟ್ಟಿಯಿಂದ ಶುರು ಮಾಡುತ್ತಾರೆ. ಬಾರ್ಸಿಲೋನಾ, ಮ್ಯಾಡ್ರಿಡ್, ಸೆವಿಯಾ, ಗ್ರಾನಡಾ, ವೆಲೆನ್ಸಿಯಾ, ನಡುವೆ ಒಂದು ದ್ವೀಪ. ಹೇಗೂ ಅಷ್ಟು ದೂರ ಹೋಗಿರ್ತೀವಲ್ಲ ಎಂದು ಲಿಸ್ಬನ್ ಕೂಡ. ಕೈಲಿರುವ ರಜೆ ಮಾತ್ರ ಹತ್ತು ದಿನ. ಊರು ಬದಲಿಸಿದಾಗಲೆಲ್ಲ ಅರ್ಧ ದಿನ ಕೈಬಿಟ್ಟಂತೆಯೇ. ಬಟ್ಟೆಬರೆ ತುಂಬಿಕೊಳ್ಳಬೇಕು, ಸ್ಟೇಷನ್ ಸೇರಬೇಕು, ಹೊಸ ಊರಿನ ಹೋಟೆಲಿನಲ್ಲಿ ರೂಮ್ ಕೊಡುವವರೆಗೆ ಕಾಯಬೇಕು. ಆದ್ದರಿಂದ ಊರು ಎಣಿಸುವ ಬದಲು ರಾತ್ರಿ ಎಣಿಸಿ. ಒಂದೂರಿಗೆ ಎರಡು ರಾತ್ರಿಗಿಂತ ಕಡಿಮೆ ಬೇಡ. ಅಷ್ಟು ಕೊಡಲಾಗದಿದ್ದರೆ ಆ ಊರನ್ನೇ ಬಿಡಿ.

ಯಾವಾಗ ಹೋಗುವುದು

ನಮ್ಮ ಮಕ್ಕಳ ಬೇಸಿಗೆ ರಜೆಯೂ ಸ್ಪೇನಿನ ವಸಂತದ ಕೊನೆಯೂ ಮೇ ತಿಂಗಳಲ್ಲೇ ಬರುವುದು ಒಳ್ಳೆಯ ಕಾಕತಾಳೀಯ. ಜುಲೈ, ಆಗಸ್ಟಿನಲ್ಲಿ ಸೆವಿಯಾದ ಬಿಸಿಲು 40 ಡಿಗ್ರಿ ಮುಟ್ಟುವುದು ಮಾಮೂಲು. ಮೇನಲ್ಲಿ ಅಲ್ಲಿ ಮಧ್ಯಾಹ್ನ ಮೂವತ್ತರ ಆಸುಪಾಸು, ಬಾರ್ಸಿಲೋನಾ ಮತ್ತು ಮ್ಯಾಡ್ರಿಡ್‌ನಲ್ಲಿ ಇಪ್ಪತ್ತರ ಮೇಲೆ ಒಂದಿಷ್ಟು. ಗ್ರಾನಡಾದಲ್ಲಿ ಮಾತ್ರ ರಾತ್ರಿ ತಣ್ಣಗಾಗುತ್ತದೆ, ಒಂದು ತೆಳು ಸ್ವೆಟರ್ ಇರಲಿ.

ಇನ್ನೊಂದು ಲಾಭ ಬೆಳಕಿನದು. ಮೇ ಕೊನೆಯಲ್ಲಿ ಮ್ಯಾಡ್ರಿಡ್‌ನಲ್ಲಿ ಸೂರ್ಯ ಮುಳುಗುವಾಗ ಗಂಟೆ ರಾತ್ರಿ ಒಂಬತ್ತೂವರೆ. ಭೂಪಟದಲ್ಲಿ ಸ್ಪೇನ್ ಇರುವುದು ಬ್ರಿಟನ್ನಿನ ನೇರಕ್ಕೆ, ಗಡಿಯಾರ ಮಾತ್ರ ಜರ್ಮನಿಯದು. 1940ರಲ್ಲಿ ಸರ್ವಾಧಿಕಾರಿ ಫ್ರಾಂಕೋನ ಆಡಳಿತ ಮುಂದಕ್ಕೆ ತಿರುಗಿಸಿದ ಮುಳ್ಳು ಮತ್ತೆ ಹಿಂದೆ ಬಂದಿಲ್ಲ. ಹೀಗಾಗಿ ಬಿಸಿಲೇರಿದ ಮಧ್ಯಾಹ್ನ ರೂಮಿನಲ್ಲಿ ಮಲಗಿ, ಸಂಜೆ ಆರಕ್ಕೆ ಹೊರಟರೂ ಮೂರು ಗಂಟೆಗೂ ಮಿಕ್ಕಿ ಬೆಳಕು ಸಿಗುತ್ತದೆ. ವಯಸ್ಸಾದವರು ಜೊತೆಗಿದ್ದರೆ ದಿನವನ್ನು ಹೀಗೆ ಎರಡು ಪಾಲು ಮಾಡಿಕೊಳ್ಳುವುದೇ ಸರಿ.

ದಿನಾಂಕ ಗೊತ್ತುಮಾಡುವ ಮುಂಚೆ ಹಬ್ಬಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಮೇ 1ರಂದು ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂ ಮುಚ್ಚಿರುತ್ತದೆ. ಮೇ ಮೊದಲರ್ಧದಲ್ಲಿ ಕಾರ್ಡೋಬಾದ ಮನೆಗಳು ಹೂಕುಂಡ ತುಂಬಿದ ಒಳಾಂಗಣಗಳನ್ನು ಜನರಿಗೆ ತೆರೆದಿಡುತ್ತವೆ. 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಬ್ಬವದು. ನೋಡಲು ದುಡ್ಡಿಲ್ಲ, ಆದರೆ ಆ ದಿನಗಳಲ್ಲಿ ಊರಿನಲ್ಲಿ ರೂಮ್ ಸಿಗುವುದು ಕಷ್ಟ. ಮೇ 15 ಮ್ಯಾಡ್ರಿಡ್‌ನ ಪೋಷಕ ಸಂತ ಇಸಿದ್ರೊನ ಹಬ್ಬ. ಹಬ್ಬ ನೋಡುವ ಆಸೆ ಇಲ್ಲದವರಿಗೆ, ಶಾಲೆ ಶುರುವಾಗುವ ಮುಂಚೆ ವಾಪಸಾಗಬೇಕಾದವರಿಗೆ, ಮ್ಯಾಡ್ರಿಡ್ ಕೊನೆಗಿಟ್ಟುಕೊಂಡರೆ ಮೇ 12ರಿಂದ 25ರ ನಡುವಿನ ದಿನಗಳು ಹೊಂದುತ್ತವೆ.

ಒಂಬತ್ತು ರಾತ್ರಿಯ ದಾರಿ

ಬಾರ್ಸಿಲೋನಾ ಮೂರು, ಗ್ರಾನಡಾ ಎರಡು, ಸೆವಿಯಾ ಎರಡು, ಮ್ಯಾಡ್ರಿಡ್ ಎರಡು. ಬಾರ್ಸಿಲೋನಾದಲ್ಲಿ ಇಳಿದು ಮ್ಯಾಡ್ರಿಡ್‌ನಿಂದ ಹತ್ತುವ ಟಿಕೆಟ್ ತೆಗೆದುಕೊಳ್ಳಿ. ಬುಕಿಂಗ್ ಜಾಲತಾಣಗಳಲ್ಲಿ ‘ಮಲ್ಟಿ ಸಿಟಿ’ ಎಂಬ ಆಯ್ಕೆ ಇರುವುದು ಇದಕ್ಕೇ. ಹೋಗಿಬರುವ ಟಿಕೆಟ್ ಎರಡೂ ಬಾರ್ಸಿಲೋನಾಕ್ಕೇ ತೆಗೆದರೆ ಕೊನೆಯ ದಿನ ಆರುನೂರು ಕಿಲೋಮೀಟರ್ ಸುಮ್ಮನೆ ಹಿಂದಕ್ಕೆ ಓಡಬೇಕಾಗುತ್ತದೆ.

ಬೆಂಗಳೂರಿನಿಂದ ಹೊರಡುವವರು ದೋಹಾ, ದುಬೈ ಅಥವಾ ಫ್ರಾಂಕ್‌ಫರ್ಟ್, ಪ್ಯಾರಿಸ್‌ನಂಥ ಕಡೆ ಒಮ್ಮೆ ವಿಮಾನ ಬದಲಿಸಬೇಕು. ಇವೆರಡರಲ್ಲಿ ಒಂದು ವ್ಯತ್ಯಾಸವಿದೆ. ಕೊಲ್ಲಿ ದೇಶಗಳ ಮೂಲಕ ಹೋದರೆ ಷೆಂಗೆನ್ ವಲಯದ ಪಾಸ್‌ಪೋರ್ಟ್ ತಪಾಸಣೆ ಸ್ಪೇನಿನಲ್ಲಿ. ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್ ಆದರೆ ಅಲ್ಲೇ, ವಿಮಾನ ಬದಲಿಸುವ ಗಡಿಬಿಡಿಯಲ್ಲೇ. 2025ರ ಅಕ್ಟೋಬರ್‌ನಿಂದ ಯುರೋಪಿನ ಗಡಿಗಳಲ್ಲಿ ಮುದ್ರೆ ಒತ್ತುವುದರ ಬದಲು ಬೆರಳಚ್ಚು, ಮುಖದ ಚಿತ್ರ ದಾಖಲಿಸುವ ವ್ಯವಸ್ಥೆ ಶುರುವಾಗಿದೆ, ಸರದಿ ಉದ್ದವಾಗಬಹುದು. ಒಂದು ಗಂಟೆಯ ಅಂತರದ ಕನೆಕ್ಷನ್ ಎಷ್ಟು ಅಗ್ಗವಿದ್ದರೂ ಬೇಡ. ಎರಡೂವರೆ, ಮೂರು ಗಂಟೆ ಇರಲಿ.

ಏಳೇ ರಾತ್ರಿ ಇದ್ದರೆ? ನನ್ನ ಮಾತಿಗೆ ಅನೇಕರು ಒಪ್ಪಲಿಕ್ಕಿಲ್ಲ, ಆದರೂ ಹೇಳುತ್ತೇನೆ: ಬಾರ್ಸಿಲೋನಾ ಬಿಡಿ. ಮ್ಯಾಡ್ರಿಡ್‌ಗೇ ಇಳಿದು, ಅಲ್ಲಿಂದಲೇ ಹತ್ತಿ, ನಡುವೆ ದಕ್ಷಿಣದ ಆಂದಲೂಸಿಯಾ ಸುತ್ತಿ. ಬಾರ್ಸಿಲೋನಾ ಮೂರು ದಿನ ಕೇಳುವ ಊರು. ಒಂದು ದಿನದಲ್ಲಿ ಮುಗಿಸಲು ಹೊರಟರೆ ಕಾಣುವುದು ಸರದಿಯ ಸಾಲುಗಳು ಮಾತ್ರ.

ಪಾಸ್‌ಪೋರ್ಟ್, ವೀಸಾ

ಪಾಸ್‌ಪೋರ್ಟಿನ ಅವಧಿ ನೀವು ಯುರೋಪ್ ಬಿಡುವ ದಿನದ ನಂತರ ಇನ್ನೂ ಮೂರು ತಿಂಗಳಾದರೂ ಇರಬೇಕು, ಎರಡು ಪುಟ ಖಾಲಿ ಇರಬೇಕು. ಮುಗಿಯುತ್ತ ಬಂದಿದ್ದರೆ ಎಲ್ಲಕ್ಕಿಂತ ಮೊದಲು ನವೀಕರಿಸಿ. ನಂಬರ್ ಬದಲಾಗುವುದರಿಂದ ಹಳೆಯ ನಂಬರ್ ಕೊಟ್ಟು ಮಾಡಿದ ಬುಕಿಂಗ್‌ಗಳು ಮುಂದೆ ತಲೆನೋವಾಗುತ್ತವೆ.

ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. 15 ದಿನಕ್ಕಿಂತ ತಡ ಮಾಡುವಂತಿಲ್ಲ. ಸ್ಪೇನ್ ಪರವಾಗಿ ಅರ್ಜಿ ಸ್ವೀಕರಿಸುವ ಬಿಎಲ್ಎಸ್ ಕೇಂದ್ರ ಬೆಂಗಳೂರಿನಲ್ಲೇ ಇದೆ. ಆದರೆ ಬೇಸಿಗೆ ರಜೆಗೆ ಹೊರಡುವವರೆಲ್ಲ ಒಟ್ಟಿಗೆ ಅಪಾಯಿಂಟ್‌ಮೆಂಟ್ ಹುಡುಕುತ್ತಾರೆ. ಮೇ ಪ್ರಯಾಣಕ್ಕೆ ಫೆಬ್ರುವರಿಯಲ್ಲಿ ಅರ್ಜಿ ಹಾಕಿದವರು ನಿಶ್ಚಿಂತೆಯಿಂದಿರುತ್ತಾರೆ. ಶುಲ್ಕ ವಯಸ್ಕರಿಗೆ 90 ಯೂರೊ, 6ರಿಂದ 12 ವರ್ಷದ ಮಕ್ಕಳಿಗೆ 45. ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಕಚೇರಿಯ ರಜೆ ಪತ್ರ, ದಿನವಾರು ಪ್ರಯಾಣದ ವಿವರ ಎಲ್ಲವೂ ಒಂದಕ್ಕೊಂದು ತಾಳೆಯಾಗಬೇಕು. ಪ್ರಯಾಣದ ವಿವರದಲ್ಲಿ ನಾಲ್ಕು ಊರು, ಹೋಟೆಲ್ ಬುಕಿಂಗ್ ಮೂರೇ ಊರಿನದು ಎಂದಾದರೆ ಪ್ರಶ್ನೆ ಏಳುತ್ತದೆ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ಹೋಟೆಲ್‌ಗಳನ್ನೇ ಕಾಯ್ದಿರಿಸಿ.

ಮೊದಲು ತೆಗೆಯಬೇಕಾದ ಟಿಕೆಟ್

ಗ್ರಾನಡಾದ ಅಲ್‌ಹಾಂಬ್ರಾ ಕೋಟೆಯದು. ಇಡೀ ಪ್ರವಾಸದ ದಿನಾಂಕಗಳನ್ನು ಇದೊಂದು ಟಿಕೆಟ್ಟಿಗೆ ಹೊಂದಿಸಿಕೊಳ್ಳುವುದು ಜಾಣತನ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಮೇ ತಿಂಗಳ ಟಿಕೆಟ್ ವಾರಗಟ್ಟಲೆ ಮುಂಚೆ ಖಾಲಿಯಾಗುತ್ತದೆ. ಟಿಕೆಟ್ಟಿನಲ್ಲಿ ಪ್ರತಿಯೊಬ್ಬರ ಹೆಸರು, ಪಾಸ್‌ಪೋರ್ಟ್ ನಂಬರ್ ಇರುತ್ತದೆ. ಬಾಗಿಲಲ್ಲಿ ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಒಳಗಿನ ನಸ್ರಿದ್ ಅರಮನೆಗಳಿಗೆ ಬೇರೆಯದೇ ಸಮಯ ನಿಗದಿಯಾಗಿರುತ್ತದೆ, ಅದು ತಪ್ಪಿದರೆ ಒಳಗೆ ಬಿಡುವುದಿಲ್ಲ. ಮುಖ್ಯ ಪ್ರವೇಶದಿಂದ ಆ ಅರಮನೆಗಳಿಗೆ ಕಾಲು ಗಂಟೆಗೂ ಹೆಚ್ಚು ನಡಿಗೆ, ಮಕ್ಕಳಿದ್ದರೆ ಇನ್ನೂ ಜಾಸ್ತಿ. ಬೆಳಗಿನ ಸಮಯವನ್ನೇ ಆರಿಸಿ, ಅರಮನೆ ಮುಗಿಸಿ ಹೆನೆರಲಿಫೆ ತೋಟಕ್ಕೆ ಹೋಗಿ. ಟಿಕೆಟ್ ಸಿಗಲೇ ಇಲ್ಲವೆಂದರೆ ಗೈಡ್ ಜೊತೆಗಿನ ಟೂರ್‌ಗಳಲ್ಲಿ ಹುಡುಕಬಹುದು, ಬೆಲೆ ಮಾತ್ರ ಜೋರು. ಅದೂ ಇಲ್ಲವಾದರೆ ಗುಡ್ಡದ ಮೇಲಿನ ಐದನೇ ಚಾರ್ಲ್ಸ್‌ನ ಅರಮನೆಗೆ ಟಿಕೆಟ್ ಬೇಕಿಲ್ಲ. ಸಂಜೆ ಎದುರಿನ ಸಾನ್ ನಿಕೊಲಾಸ್ ದಿಣ್ಣೆಯಿಂದ ಇಡೀ ಕೋಟೆಯನ್ನು ಪುಕ್ಕಟೆ ನೋಡಬಹುದು.

ಎರಡನೆಯದು ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ. 1882ರಲ್ಲಿ ಶುರುವಾದ ಚರ್ಚು, ಅದರ ವಾಸ್ತುಶಿಲ್ಪಿ ಗೌಡಿ 1926ರಲ್ಲಿ ತೀರಿಕೊಂಡ ಮೇಲೂ ಕೆಲಸ ನಡೆಯುತ್ತಲೇ ಬಂದಿದೆ. ಇಲ್ಲಿ ಸಮಯ ಆರಿಸುವುದರಲ್ಲಿ ಸ್ವಲ್ಪ ಕಸುಬುಗಾರಿಕೆ ಇದೆ. ಪೂರ್ವದ ಗಾಜುಗಳು ನೀಲಿ ಹಸಿರು, ಪಶ್ಚಿಮದವು ಕೆಂಪು ಕಿತ್ತಳೆ. ಸಂಜೆ ಐದರ ಸುಮಾರಿಗೆ ಒಳಗಿದ್ದರೆ ಕಂಬಗಳ ಮೇಲೆಲ್ಲ ಕೆಂಡದ ಬಣ್ಣ ಇಳಿಯುತ್ತದೆ. ಅದೇ ಊರಿನ ಪಾರ್ಕ್ ಗ್ವೆಲ್ ಉದ್ಯಾನಕ್ಕೂ ಸೆವಿಯಾದ ಅಲ್ಕಾಸರ್ ಅರಮನೆಗೂ ಮುಂಗಡ ಟಿಕೆಟ್ ಒಳ್ಳೆಯದು. ಎಲ್ಲವನ್ನೂ ಆಯಾ ಸ್ಥಳದ ಅಧಿಕೃತ ಜಾಲತಾಣದಲ್ಲೇ ಕೊಳ್ಳಿ. ಹುಡುಕಿದಾಗ ಮೊದಲು ಕಣ್ಣಿಗೆ ಬೀಳುವುದು ಹೆಚ್ಚಿಗೆ ದುಡ್ಡು ಕೀಳುವ ಮಧ್ಯವರ್ತಿಗಳದ್ದಾಗಿರಬಹುದು.

ಮ್ಯಾಡ್ರಿಡ್ ಸುಲಭ. ಪ್ರಾಡೊ ಸೋಮವಾರದಿಂದ ಶನಿವಾರದವರೆಗೆ ಸಂಜೆ 6ರಿಂದ 8 ಉಚಿತ. ಪಿಕಾಸೊನ ‘ಗೆರ್ನಿಕಾ’ ಇರುವ ರೇನಾ ಸೋಫಿಯಾ ಮ್ಯೂಸಿಯಂಗೆ ಮಂಗಳವಾರ ರಜೆ. ಎರಡೇ ರಾತ್ರಿ ಇರುವವರು ಆ ವಾರವನ್ನು ನೋಡಿಕೊಂಡು ದಿನ ಇಡಬೇಕು.

ಊರಿಂದ ಊರಿಗೆ

ಬಾರ್ಸಿಲೋನಾದಿಂದ ಗ್ರಾನಡಾಕ್ಕೆ ರೈಲಿನಲ್ಲಿ ಆರು ಗಂಟೆಗೂ ಮೇಲೆ, ವಿಮಾನದಲ್ಲಿ ಒಂದೂವರೆ ಗಂಟೆ. ಇದೊಂದಕ್ಕೆ ವಿಮಾನ ಹತ್ತಿ. ಲಗೇಜಿನ ಮಿತಿ ಅಂತರರಾಷ್ಟ್ರೀಯ ಟಿಕೆಟ್ಟಿನಷ್ಟು ಇರುವುದಿಲ್ಲ, ತೂಕಕ್ಕೆ ಮೊದಲೇ ದುಡ್ಡು ಕಟ್ಟಿಡಿ. ಉಳಿದದ್ದೆಲ್ಲ ರೈಲು. ಗ್ರಾನಡಾದಿಂದ ಸೆವಿಯಾಕ್ಕೆ ಎರಡೂವರೆಯಿಂದ ಮೂರು ಗಂಟೆ.

ಸೆವಿಯಾ–ಮ್ಯಾಡ್ರಿಡ್ ನಡುವಿನ ಹಳಿ 1992ರಲ್ಲಿ ಹಾಕಿದ್ದು, ಸ್ಪೇನಿನ ಮೊದಲ ಅತಿವೇಗದ ಮಾರ್ಗ. ನೇರ ಹೋದರೆ ಎರಡೂವರೆ ಗಂಟೆ. ಆದರೆ ನೇರ ಹೋಗಬೇಡಿ. ಬೆಳಗ್ಗೆ ಹೊರಟು 45 ನಿಮಿಷದಲ್ಲಿ ಕಾರ್ಡೋಬಾದಲ್ಲಿಳಿದು, ಸ್ಟೇಷನ್ ಬಳಿ ಲಗೇಜ್ ಇಟ್ಟು, ಮಸೀದಿ–ಕೆಥೆಡ್ರಲ್ ನೋಡಿ, ಸಂಜೆಯ ರೈಲಿಗೆ ಮ್ಯಾಡ್ರಿಡ್ ಸೇರಿ. ಎಂಟನೇ ಶತಮಾನದ ಕೊನೆಯಲ್ಲಿ ಒಂದನೇ ಅಬ್ದುಲ್ ರಹಮಾನ್ ಶುರು ಮಾಡಿದ ಮಸೀದಿ ಅದು. ಕಮಾನುಗಳ ಕಾಡಿನ ನಟ್ಟನಡುವೆ ಹದಿನಾರನೇ ಶತಮಾನದಲ್ಲಿ ಚರ್ಚು ಎದ್ದಿತು. ಒಂದು ರಾತ್ರಿಯನ್ನೂ ಖರ್ಚು ಮಾಡದೆ ಒಂದು ಊರು ಸಿಗುವುದು ಈ ದಾರಿಯಲ್ಲಿ ಇಲ್ಲೊಂದೇ ಕಡೆ.

ಸರ್ಕಾರಿ ರೆನ್ಫೆಯ ಜೊತೆಗೆ ಮುಖ್ಯ ಮಾರ್ಗಗಳಲ್ಲಿ ಇರ್ಯೊ, ವಿಗೊ ಕಂಪನಿಗಳ ರೈಲುಗಳೂ ಓಡುತ್ತವೆ. ಪೈಪೋಟಿಯಿಂದ ಮುಂಚಿತ ಟಿಕೆಟ್ ಅಗ್ಗ, ಕೊನೆಯ ಗಳಿಗೆಯದು ದುಬಾರಿ. ಪಾವತಿಗೆ ಮುಂಚೆ ನಿಮ್ಮ ಕಾರ್ಡಿನಲ್ಲಿ ವಿದೇಶಿ ವಹಿವಾಟು ಚಾಲೂ ಮಾಡಿಸಿಕೊಳ್ಳಿ. ಅತಿವೇಗದ ರೈಲು ಹತ್ತುವ ಮುನ್ನ ಲಗೇಜನ್ನು ಯಂತ್ರದಲ್ಲಿ ಹಾಯಿಸಬೇಕು, ಹೊರಡುವ ಕೆಲವು ನಿಮಿಷ ಮುಂಚೆಯೇ ಗೇಟು ಮುಚ್ಚುತ್ತದೆ. ನಮ್ಮಲ್ಲಿಯ ಹಾಗೆ ಓಡಿಬಂದು ಹತ್ತಲಾಗದು.

ಎಲ್ಲಿ ಉಳಿಯುವುದು

ಬಾರ್ಸಿಲೋನಾದಲ್ಲಿ ರಾಂಬ್ಲಾ ಬೀದಿಗಿಂತ ಎಶಾಂಪ್ಲ ಬಡಾವಣೆ ನೆಮ್ಮದಿ. ಅಲ್ಲಿ ಪ್ರತಿ ರಾತ್ರಿಗೆ ಪ್ರವಾಸಿ ತೆರಿಗೆಯನ್ನು ಹೋಟೆಲಿನಲ್ಲಿ ಬೇರೆಯಾಗಿ ಕಟ್ಟಬೇಕು, ಬುಕಿಂಗ್ ಮೊತ್ತದಲ್ಲಿ ಅದು ಸೇರಿಲ್ಲದಿರಬಹುದು. ಗ್ರಾನಡಾದ ಅಲ್ಬಾಯ್ಸಿನ್, ಸೆವಿಯಾದ ಸಾಂತಾ ಕ್ರೂಸ್ ಚಿತ್ರದಲ್ಲಿ ಚೆಂದ. ಕಲ್ಲು ಹಾಸಿದ ಓಣಿಗಳಲ್ಲಿ ಚಕ್ರದ ಸೂಟ್‌ಕೇಸ್ ಎಳೆಯುವಾಗ ಅಲ್ಲ. ಟ್ಯಾಕ್ಸಿ ಬಾಗಿಲವರೆಗೆ ಬರುತ್ತದೆಯೇ ಎಂದು ಕೇಳಿಯೇ ಬುಕ್ ಮಾಡಿ. ಸೆವಿಯಾದಲ್ಲಿ ಎ.ಸಿ. ಇಲ್ಲದ ರೂಮ್ ಮೇನಲ್ಲೂ ಬೇಡ. ಮ್ಯಾಡ್ರಿಡ್‌ನಲ್ಲಿ ಅತೋಚಾ ಸ್ಟೇಷನ್ ಸುತ್ತಮುತ್ತ ಇದ್ದರೆ ಪ್ರಾಡೊ, ರೇನಾ ಸೋಫಿಯಾ ಎರಡಕ್ಕೂ ನಡೆದೇ ಹೋಗಬಹುದು.

ಊಟದ ಹೊತ್ತು, ಊಟದ ಮಾತು

ಸಂಜೆ ಏಳೂವರೆಗೆ ಊಟ ಮುಗಿಸುವ ಮನೆಯವರಿಗೆ ಸ್ಪೇನ್ ಪರೀಕ್ಷೆಯೇ. ಮಧ್ಯಾಹ್ನದ ಊಟ ಎರಡಕ್ಕೆ, ರಾತ್ರಿಯದ್ದು ಒಂಬತ್ತಕ್ಕೆ. ನಡುವೆ ಅನೇಕ ಅಡುಗೆಮನೆಗಳು ಮುಚ್ಚಿರುತ್ತವೆ. ಉಪಾಯವೆಂದರೆ ಮಧ್ಯಾಹ್ನದ ಊಟವನ್ನೇ ದೊಡ್ಡದು ಮಾಡುವುದು. ವಾರದ ದಿನಗಳಲ್ಲಿ ‘ಮೆನು ದೆಲ್ ದಿಯಾ’ ಕೇಳಿದರೆ ಎರಡು ಬಗೆ ಊಟ, ಬ್ರೆಡ್ಡು, ಕೊನೆಗೊಂದು ಸಿಹಿ ನಿಗದಿತ ದರಕ್ಕೆ ಸಿಗುತ್ತದೆ. ರಾತ್ರಿ ತಾಪಾಸ್‌ನಂಥ ಸಣ್ಣ ತಟ್ಟೆಗಳಲ್ಲಿ ಮುಗಿಸಿ.

ಸಸ್ಯಾಹಾರಿಗಳು ಗಮನಿಸಬೇಕು: ಬರೀ ಮಾಂಸ ಬೇಡ ಎಂದರೆ ಸಾಲದು. ಹಂದಿಯ ಹಾಮೋನ್ ತುಣುಕು, ಟ್ಯೂನಾ ಮೀನು ಇವನ್ನು ಮಾಂಸದ ಲೆಕ್ಕಕ್ಕೆ ಹಿಡಿಯದವರು ಇದ್ದಾರೆ. ಮಿಶ್ರ ಸಲಾಡಿನ ಮೇಲೂ ಟ್ಯೂನಾ ಇರುತ್ತದೆ. ‘ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಪೆಸ್ಕಾದೊ’ ಎಂದು ಮೂರನ್ನೂ ಹೇಳಿ: ಮಾಂಸ ಬೇಡ, ಹಾಮೋನ್ ಬೇಡ, ಮೀನು ಬೇಡ. ಮೊಟ್ಟೆ ತಿನ್ನದವರು ‘ಸಿನ್ ವೇವೊ’ ಸೇರಿಸಬೇಕು. ಆಲೂಗಡ್ಡೆಯ ‘ತೋರ್ತಿಯಾ’ ತುಂಬ ಮೊಟ್ಟೆಯೇ. ಗ್ರಾನಡಾದ ಬಾರುಗಳಲ್ಲಿ ಪಾನೀಯ ತರಿಸಿದರೆ ತಾಪಾ ಪುಕ್ಕಟೆ ಬರುತ್ತದೆ. ಮೊದಲೇ ಹೇಳದಿದ್ದರೆ ಬರುವುದು ಬಹುಪಾಲು ಹಾಮೋನೇ.

ತಿನ್ನಲು ಏನಿದೆ ಎಂದರೆ ಧಾರಾಳವಾಗಿದೆ. ಟೊಮೆಟೊ ತಿಕ್ಕಿದ ಬ್ರೆಡ್ಡು, ತಣ್ಣನೆಯ ಗಾಸ್‌ಪಾಚೊ ಸೂಪು, ಉಪ್ಪು ಹಾಕಿ ಹುರಿದ ಪಾದ್ರೋನ್ ಮೆಣಸಿನಕಾಯಿ, ಕರಿದ ಬದನೆಕಾಯಿಗೆ ಕಾಕಂಬಿ ಸುರಿದದ್ದು. ಸೆವಿಯಾದಲ್ಲಿ ಪಾಲಕ್ ಸೊಪ್ಪು–ಕಾಬೂಲಿ ಕಡಲೆಯ ‘ಎಸ್ಪಿನಾಕಾಸ್ ಕೋನ್ ಗಾರ್ಬಾನ್ಸೊಸ್’ ಬಿಡಬೇಡಿ: ಜೀರಿಗೆ, ಬೆಳ್ಳುಳ್ಳಿಯ ಒಗ್ಗರಣೆಯ ಘಮ ಇರುತ್ತದೆ. ಅನ್ನ, ಸಾರು ಬೇಕೇ ಬೇಕೆನಿಸಿದರೆ ಮ್ಯಾಡ್ರಿಡ್‌ನ ಲಾವಾಪಿಯೆಸ್, ಬಾರ್ಸಿಲೋನಾದ ರಾವಾಲ್ ಬಡಾವಣೆಗಳಲ್ಲಿ ಭಾರತ ಉಪಖಂಡದ ಹೋಟೆಲುಗಳಿವೆ. ಸಾರಿನ ಬದಲು ದಾಲ್ ಎಂದುಕೊಂಡು ಹೋಗಿ. ಭಾನುವಾರ ಬಹಳಷ್ಟು ಸೂಪರ್ ಮಾರ್ಕೆಟ್‌ಗಳು ಮುಚ್ಚಿರುವುದರಿಂದ ಮೊಸರು, ಹಣ್ಣು ಶನಿವಾರವೇ ತಂದಿಡಿ.

ದುಡ್ಡು ಮತ್ತು ಜೇಬು

ಯೂರೊ ತುಂಬಿಸಿದ ಫಾರೆಕ್ಸ್ ಕಾರ್ಡ್ ಒಂದು, ಬೇರೆ ಬ್ಯಾಂಕಿನ ಕಾರ್ಡ್ ಇನ್ನೊಂದು, ಸ್ವಲ್ಪ ನಗದು. ಎಟಿಎಂ ಅಥವಾ ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕಟ್ಟುತ್ತೀರಾ’ ಎಂದು ಕೇಳಿದರೆ ಬೇಡವೆನ್ನಿ, ಯೂರೊ ಆರಿಸಿ. ಅವರ ವಿನಿಮಯ ದರ ಯಾವತ್ತೂ ನಿಮ್ಮ ಪರ ಇರುವುದಿಲ್ಲ.

ಬಾರ್ಸಿಲೋನಾದ ಮೆಟ್ರೊ ಮತ್ತು ರಾಂಬ್ಲಾದಲ್ಲಿ ಜೇಬುಗಳ್ಳರ ಕಾಟ ನಿಜ. ಹಿಂಜೇಬಿನಲ್ಲಿ ಏನೂ ಬೇಡ, ಹೊರಗಿನ ಮೇಜಿನ ಮೇಲೆ ಮೊಬೈಲ್ ಬೇಡ. ಅಲ್‌ಹಾಂಬ್ರಾ ದಿನ ಬಿಟ್ಟರೆ ಊರು ಸುತ್ತುವಾಗ ಪಾಸ್‌ಪೋರ್ಟಿನ ನಕಲು ಒಯ್ದು, ಮೂಲವನ್ನು ರೂಮಿನ ಲಾಕರಿನಲ್ಲಿ ಇಡಬಹುದು. ತುರ್ತಿಗೆ 112. ಬಾರ್ಸಿಲೋನಾದ ಹತ್ತು ಸವಾರಿಯ ಟಿ-ಕ್ಯಾಶುಯಲ್ ಕಾರ್ಡ್ ಒಬ್ಬರಿಗೆ ಒಂದೇ, ವಿಮಾನ ನಿಲ್ದಾಣದ ಮೆಟ್ರೊಗೆ ನಡೆಯದು. ಮ್ಯಾಡ್ರಿಡ್‌ನಲ್ಲಿ ವಿಮಾನ ನಿಲ್ದಾಣಕ್ಕೂ ನಡು ಊರಿಗೂ ಟ್ಯಾಕ್ಸಿ ದರ ನಿಗದಿಯಾಗಿದೆ, ಚೌಕಾಸಿಯ ಗೊಡವೆಯಿಲ್ಲ.

ಇನ್ನು ಕೇಸರಿ, ಆಲಿವ್ ಎಣ್ಣೆ, ಚಪ್ಪಲಿ ಎಂದು ಕೊಂಡದ್ದಕ್ಕೆ ತೆರಿಗೆ ವಾಪಸು ಪಡೆಯುವ ವಿಚಾರ. ವಿದೇಶಿ ಪ್ರವಾಸಿಗರಿಗೆ ಸ್ಪೇನಿನಲ್ಲಿ ಕನಿಷ್ಠ ಖರೀದಿಯ ಮಿತಿ ಇಲ್ಲ. ಅಂಗಡಿಯಲ್ಲಿ ಪಾಸ್‌ಪೋರ್ಟ್ ವಿವರ ಕೊಟ್ಟು ‘ದೀವಾ’ ಫಾರಂ ಕೇಳಿ ಪಡೆಯಿರಿ; ಬಿಲ್ಲಷ್ಟೇ ಇದ್ದರೆ ಉಪಯೋಗವಿಲ್ಲ. ಮ್ಯಾಡ್ರಿಡ್ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಒಪ್ಪಿಸುವ ಮುಂಚೆಯೇ ಆ ಫಾರಂ ಯಂತ್ರಕ್ಕೆ ತೋರಿಸಿ ಮೊಹರು ಮಾಡಿಸಿಕೊಳ್ಳಬೇಕು. ಕೊಂಡ ಸಾಮಾನು ನೋಡಬೇಕೆಂದು ಕೇಳುವ ಹಕ್ಕು ಕಸ್ಟಮ್ಸ್‌ನವರಿಗಿದೆ, ಆದ್ದರಿಂದ ಪೆಟ್ಟಿಗೆಯ ಮೇಲ್ಭಾಗದಲ್ಲೇ ಇಡಿ. ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್ ಮೂಲಕ ಮರಳುವವರ ಕೈಚೀಲದಲ್ಲಿ ಆ ಸಾಮಾನು ಇದ್ದರೆ ಈ ಕೆಲಸ ಯುರೋಪಿನ ಆ ಕೊನೆಯ ನಿಲ್ದಾಣದಲ್ಲಿ ಆಗಬೇಕು, ಅದಕ್ಕೂ ಒಂದಿಷ್ಟು ಸಮಯ ಇಟ್ಟುಕೊಳ್ಳಿ.