ಬಣ್ಣ ಕೆಟ್ಟ ಜಾಗ ಮೊದಲು ಹುಡುಕು

ತಮ್ಮಾ, ಕಲ್ಯಾಣದುರ್ಗದಲ್ಲಿ ಡಿಟಿಪಿ ಅಂಗಡಿ ಇಡುತ್ತೀಯೆಂದು ಕೇಳಿ ಸಂತೋಷವಾಯಿತು. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ನಮ್ಮದು ಒಂದೇ ಲಗ್ನಪತ್ರಿಕೆಯಲ್ಲಿ ಗಂಡಿನ ಕಡೆಯವರಿಗೆ ತೆಲುಗು, ಹೆಣ್ಣಿನ ಕಡೆಯವರಿಗೆ ಕನ್ನಡ ಬೇಕಾಗುವ ಸೀಮೆ. ಎರಡೂ ಅಕ್ಷರ ಬಲ್ಲ ನಿನಗೆ ಕೆಲಸಕ್ಕೆ ಬರವಿಲ್ಲ. ಆದರೆ ಈ ಕಸುಬಿನಲ್ಲಿ ಅಕ್ಷರದ ತಪ್ಪಿಗಿಂತ ಬಣ್ಣದ ತಪ್ಪಿಗೇ ಜಗಳ ಹೆಚ್ಚು. "ಕಂಪ್ಯೂಟರಿನಲ್ಲಿ ಚೆನ್ನಾಗಿತ್ತಲ್ಲಪ್ಪಾ, ಪೇಪರಿನ ಮೇಲೆ ಯಾಕೆ ಹೀಗೆ ಬಂತು?" ಎಂದು ಗಿರಾಕಿ ಕೇಳಿಯೇ ಕೇಳುತ್ತಾನೆ. ಆಗ ನಿನ್ನ ಹತ್ತಿರ ಉತ್ತರವಿರಬೇಕು.

ನಾನು ಹೇಳುವುದು ಒಂದೇ ಮಾತು: ಬಣ್ಣವನ್ನು ತಿದ್ದುವ ಮೊದಲು ಅದು ಎಲ್ಲಿ ಕೆಟ್ಟಿತೆಂದು ಹುಡುಕು. ಫೋಟೋ, ಪುಟ, ಪಿಡಿಎಫ್, ಪ್ಲೇಟ್, ಕಾಗದ ಎಂದು ಐದು ಜಾಗಗಳಿವೆ. ಪಿಡಿಎಫ್‌ನಲ್ಲಿ ಆದ ತಪ್ಪಿಗೆ ಫೋಟೋಶಾಪ್‌ನಲ್ಲಿ ಬ್ರೈಟ್‌ನೆಸ್ ಏರಿಸಿದರೆ ಒಂದು ತಪ್ಪು ಎರಡಾಗುತ್ತದೆ.

ಮೊದಲು ಫೋಟೋ. ಲೇಪಾಕ್ಷಿ ಜಾತ್ರೆಯ ಕರಪತ್ರಕ್ಕೆಂದು ವೀರಭದ್ರಸ್ವಾಮಿ ಗುಡಿಯ ಮೇಲ್ಛಾವಣಿಯ ಚಿತ್ರಗಳ ಫೋಟೋ ತಂದುಕೊಡುತ್ತಾರೆ ಎನ್ನು. ವಿಜಯನಗರದ ಅಚ್ಯುತದೇವರಾಯನ ಕಾಲದ ಬಣ್ಣಗಳವು: ಕಾವಿಗೆಂಪು, ಮಣ್ಣಿನ ಹಳದಿ, ಕಪ್ಪು ಗೆರೆ. ಫೋಟೋ ಪೂರ್ತಿ ಹಳದಿಗೆ ತಿರುಗಿದ್ದರೆ ಚಿತ್ರದ ಮೇಲೆ ಕೈಯಿಡಬೇಡ. ಅದೇ ಫೋಟೋದಲ್ಲಿ ಗ್ರಾನೈಟ್ ಕಂಬ ಎಲ್ಲಿದೆ ನೋಡು. ಇನ್ಫೋ ಪ್ಯಾನೆಲ್ ತೆರೆದು ಕಲ್ಲಿನ ಮೇಲೆ ಕರ್ಸರ್ ಇಟ್ಟರೆ ಕೆಂಪು, ಹಸಿರು, ನೀಲಿಯ ಅಂಕಿಗಳು ಹೆಚ್ಚುಕಡಿಮೆ ಒಂದೇ ಇರಬೇಕು. ನೀಲಿ ತೀರಾ ಕೆಳಗಿದ್ದರೆ ಅದು ಅಲ್ಲಿನ ದೀಪದ ಬಣ್ಣ, ಚಿತ್ರದ್ದಲ್ಲ. ಕಲ್ಲನ್ನು ಸರಿಮಾಡು, ಚಿತ್ರ ತಾನೇ ಸರಿಹೋಗುತ್ತದೆ. ಮಾಸಿದ ಬಣ್ಣವನ್ನು ಹೊಳೆಯುವಂತೆ ಮಾಡುವ ಆಸೆ ಬೇಡ. ಕಾವಿಗೆಂಪು ನಾಲ್ಕು ಇಂಕಿನಲ್ಲಿ ಸಲೀಸಾಗಿ ಬರುವ ಬಣ್ಣ. ಅದೂ ಕೆಟ್ಟು ಬಂತೆಂದರೆ ದೋಷ ಇಂಕಿನದಲ್ಲ, ಮುಂದಿನ ಯಾವುದೋ ಹಂತದ್ದು ಎಂದು ತಿಳಿ.

ಎಲ್ಲ ಬಣ್ಣವೂ ಹಾಗಲ್ಲ. ಮದುಮಗಳು ಉಟ್ಟ ಗಿಳಿಹಸಿರಿನ ಧರ್ಮಾವರಂ ಸೀರೆ ಸ್ಕ್ರೀನಿನಲ್ಲಿ ಥಳಥಳಿಸುತ್ತದೆ. ಸ್ಕ್ರೀನ್ ಬೆಳಕಿನಿಂದ ಬಣ್ಣ ತೋರಿಸುತ್ತದೆ. ಕಾಗದದ ಮೇಲಿರುವುದು ಸಯಾನ್, ಮೆಜೆಂಟಾ, ಯೆಲ್ಲೊ, ಬ್ಲ್ಯಾಕ್ ಇಂಕು. ಆ ಹಸಿರಿನ ಹೊಳಪನ್ನು ಈ ನಾಲ್ಕರಿಂದ ಯಾರೂ ತರಲಾರರು. ವ್ಯೂ ಮೆನುವಿನ ಪ್ರೂಫ್ ಕಲರ್ಸ್ ಒತ್ತಿ ತೋರಿಸಿ, "ಇಷ್ಟೇ ಬರುವುದು" ಎಂದು ಗಿರಾಕಿಗೆ ಪ್ರಿಂಟಿಗೆ ಮುಂಚೆಯೇ ಹೇಳು. ಕಡುನೀಲಿಯಲ್ಲೂ ಎಚ್ಚರ: ಸಯಾನ್ 100, ಮೆಜೆಂಟಾ 100 ಇಟ್ಟರೆ ಕಾಗದದಲ್ಲಿ ನೇರಳೆಯಾಗುತ್ತದೆ. ಮೆಜೆಂಟಾ 70ರ ಆಸುಪಾಸಿಗೆ ಇಳಿಸು. ಫೋಟೋವನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ತರಿಸಿಕೊಳ್ಳಬೇಡ, ಅಲ್ಲಿ ಅದು ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳು. ಅಚ್ಚಾಗುವ ಅಳತೆಯಲ್ಲಿ ಅದು 300 ಪಿಪಿಐ ಇರಬೇಕು.

ಇನ್ನು ಪುಟ. ಹಳೆಯ ಫಾಂಟಿನ ಫೈಲುಗಳಿವೆಯೆಂದು ಎಷ್ಟೋ ಅಂಗಡಿಗಳು ಪೇಜ್‌ಮೇಕರನ್ನು ಬಿಟ್ಟಿಲ್ಲ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದರಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಆನ್ ಮಾಡದೆ ಆರ್‌ಜಿಬಿ ಟಿಫ್ ಇಟ್ಟು ಸೆಪರೇಷನ್ ತೆಗೆದರೆ ಚಿತ್ರ ಬರೀ ಕಪ್ಪು ಪ್ಲೇಟಿನಲ್ಲಿ ಕೂರುತ್ತದೆ. ಪೇಜ್‌ಮೇಕರಿಗೆ ಹೋಗುವ ಚಿತ್ರವನ್ನು ಮೊದಲೇ ಸಿಎಂವೈಕೆ ಮಾಡಿಕೋ. ಇನ್‌ಡಿಸೈನ್‌ನಲ್ಲಾದರೆ ಮೊದಲು ಲಿಂಕ್ಸ್ ಪ್ಯಾನೆಲ್ ನೋಡು. ಲಿಂಕ್ ತಪ್ಪಿದ್ದರೆ ಮಸುಕಾದ ಪ್ರಿವ್ಯೂ ಮಾತ್ರ ಅಚ್ಚಾಗುತ್ತದೆ. ನೆರಳು ಹಾಕಿದ ಪುಟದ ಬಣ್ಣ ಮಾತ್ರ ಬೇರೆ ಪುಟಗಳಿಗಿಂತ ಬೇರೆಯಾಗಿ ಕಂಡರೆ ಫೋಟೋವನ್ನು ಬೈಯಬೇಡ. ಎಡಿಟ್ ಮೆನುವಿನಲ್ಲಿ ಟ್ರಾನ್ಸ್‌ಪರೆನ್ಸಿ ಬ್ಲೆಂಡ್ ಸ್ಪೇಸ್ ಆರ್‌ಜಿಬಿಯಲ್ಲಿದೆಯೇ ನೋಡಿ, ಸಿಎಂವೈಕೆಗೆ ಬದಲಾಯಿಸು.

ನಮ್ಮ ಲಿಪಿಗೆ ಅಂಟಿದ ತೊಂದರೆ ಕಪ್ಪಿನದು. ವರ್ಡ್‌ನಿಂದಲೋ ಬೇರೆಲ್ಲಿಂದಲೋ ತಂದ ಅಕ್ಷರದ ಕಪ್ಪು ಆರ್‌ಜಿಬಿ ಆಗಿದ್ದರೆ ಅದು ನಾಲ್ಕೂ ಇಂಕಿಗೆ ಹಂಚಿಹೋಗುತ್ತದೆ. ಪ್ಲೇಟುಗಳು ಕೂದಲೆಳೆಯಷ್ಟು ಜರುಗಿದರೂ ಕನ್ನಡದ ಒತ್ತಕ್ಷರ, ತೆಲುಗಿನ ವತ್ತು ಎರಡೂ ಕಲಸಿಹೋಗುತ್ತವೆ. "ಲಗ್ನ" ಎಂಬಲ್ಲಿ ನಕಾರದ ಒತ್ತೇ ಓದಲಾಗದು. ಇದನ್ನು ಹಿಡಿಯುವುದು ಸುಲಭ. ಸೆಪರೇಷನ್ಸ್ ಪ್ರಿವ್ಯೂ ತೆರೆದು ಬ್ಲ್ಯಾಕ್ ಮುಂದಿನ ಕಣ್ಣಿನ ಗುರುತನ್ನು ಆರಿಸು. ಅಕ್ಷರಗಳೆಲ್ಲ ಮಾಯವಾದರೆ ಸರಿ. ಇನ್ನೂ ಕಂಡರೆ ಅದು ನಾಲ್ಕು ಇಂಕಿನ ಕಪ್ಪು. ಬ್ಲ್ಯಾಕ್ 100 ಮಾತ್ರ ಇಟ್ಟು ಸರಿಮಾಡು. ಅಲ್ಲಿಯೇ ಇಂಕ್ ಲಿಮಿಟ್ ಕೂಡ ನೋಡಿಕೋ. ಆರ್ಟ್ ಪೇಪರಿಗೆ ನಾಲ್ಕೂ ಸೇರಿ 300ರ ಆಸುಪಾಸು ಸಾಕು, ನ್ಯೂಸ್‌ಪ್ರಿಂಟಿಗೆ 240 ದಾಟಬಾರದು. ದಾಟಿದರೆ ಇಂಕು ಒಣಗದೆ ಮೇಲಿನ ಹಾಳೆಗೆ ಅಂಟುತ್ತದೆ.

ಪಿಡಿಎಫ್ ತೆಗೆಯುವಾಗ ಪ್ರೊಫೈಲನ್ನು ಕಣ್ಣುಮುಚ್ಚಿ ಒಪ್ಪಬೇಡ. ಇನ್‌ಡಿಸೈನ್ ಅನ್ನು ಹಾಗೇ ಬಿಟ್ಟರೆ ಸಾಮಾನ್ಯವಾಗಿ ಅಮೆರಿಕದ ಸ್ವಾಪ್ ಪ್ರೊಫೈಲ್ ಇರುತ್ತದೆ. ಬೆಂಗಳೂರಾಗಲಿ ಶಿವಕಾಶಿಯಾಗಲಿ, ಪ್ರೆಸ್ಸಿನವರಿಗೆ ಫೋನ್ ಮಾಡಿ ಅವರಿಗೆ ಯಾವ ಪ್ರೊಫೈಲ್ ಬೇಕೆಂದು ಕೇಳು. ಪ್ರಿಸರ್ವ್ ನಂಬರ್ಸ್ ಇರುವ ಆಯ್ಕೆ ಹಿಡಿದರೆ ನೀನು ಇಟ್ಟ ಬ್ಲ್ಯಾಕ್ 100 ಹಾಗೇ ಉಳಿಯುತ್ತದೆ.

ಕಾಗದವನ್ನೂ ಮರೆಯಬೇಡ. ಅದೇ ಫೈಲು ಆರ್ಟ್ ಪೇಪರಿನಲ್ಲಿ ತಿಳಿಯಾಗಿ, ಮ್ಯಾಪ್‌ಲಿಥೋದಲ್ಲಿ ಇಂಕು ಹೀರಿ ಮಂಕಾಗಿ ಬರುತ್ತದೆ. ಅಂಗಡಿಯ ಇಂಕ್‌ಜೆಟ್ ಪ್ರಿಂಟನ್ನು ಆಫ್‌ಸೆಟ್‌ನ ಪ್ರೂಫ್ ಎಂದು ಯಾರಿಗೂ ಕೊಡಬೇಡ. ಪ್ರೂಫನ್ನು ಟ್ಯೂಬ್‌ಲೈಟಿನ ಕೆಳಗಲ್ಲ, ಹಗಲು ಬೆಳಕಿನಲ್ಲಿ ಬಾಗಿಲ ಬಳಿ ಹಿಡಿದು ನೋಡು.

ಹೊಸ ಸಾಫ್ಟ್‌ವೇರ್ ಬರುತ್ತಲೇ ಇರುತ್ತದೆ, ಮೆನುಗಳು ಬದಲಾಗುತ್ತವೆ. ಈ ಐದು ಜಾಗಗಳು ಮಾತ್ರ ಬದಲಾಗವು. ಕೆಟ್ಟದ್ದು ಎಲ್ಲಿ ಎಂದು ತಿಳಿದವನಿಗೆ ತಿದ್ದುವುದಕ್ಕೆ ಹೆಚ್ಚು ಹೊತ್ತು ಬೇಡ. ಪ್ರೂಫಿನ ಮೇಲೆ ಗಿರಾಕಿಯ ಸಹಿ ಇಲ್ಲದೆ ಒಂದು ಪ್ಲೇಟನ್ನೂ ಹಾಕಿಸಬೇಡ.